ಕಿಟಕಿ ಬದಲಿಸುವ ಮುನ್ನ ಖರ್ಚಿನ ಲೆಕ್ಕ

ಶ್ರೋತೃಗಳಿಗೆ ನಮಸ್ಕಾರ.

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಎರಡು ಮೂರು ದಶಕಗಳ ಹಿಂದೆ ಕಟ್ಟಿದ ಮನೆಗಳು ಒಂದೊಂದಾಗಿ ದುರಸ್ತಿಗೆ ಬರುತ್ತಿವೆ. ಕಲ್ಲಿನ ಗೋಡೆಗೆ ಏನೂ ಆಗಿರುವುದಿಲ್ಲ, ಮಾಳಿಗೆಯೂ ಗಟ್ಟಿಯಾಗಿಯೇ ಇರುತ್ತದೆ. ಮೊದಲು ಸೋಲುವುದು ಕಿಟಕಿ. ನಲವತ್ತು ಡಿಗ್ರಿ ದಾಟುವ ಬೇಸಿಗೆಯಲ್ಲಿ ಮರ ಒಣಗಿ ಬಿರಿಯುತ್ತದೆ, ಶ್ರಾವಣದ ತೇವಕ್ಕೆ ಅದೇ ಮರ ಉಬ್ಬಿ ಕದ ಮುಚ್ಚದಂತಾಗುತ್ತದೆ, ಅಡಿಯಿಂದ ಗೆದ್ದಲು ಏರುತ್ತದೆ. ಸಂಡೂರಿನ ಕಡೆಯ ಅದಿರಿನ ಕೆಂಧೂಳು, ಶಕ್ತಿನಗರದ ವಿದ್ಯುತ್ ಸ್ಥಾವರದ ಬೂದಿ, ಗಿಣಿಗೇರಿ ಸುತ್ತಲಿನ ಕಾರ್ಖಾನೆಗಳ ಮಸಿ ಸಂದುಗಳಲ್ಲಿ ಕೂತು ಚಿಲಕ, ಬಿಜಾಗರಿಗಳನ್ನು ಸವೆಸುತ್ತವೆ. ಆಗ ಮನೆಯವರು ಅಂಗಡಿಗೆ ಹೋಗಿ ಕೇಳುವ ಮೊದಲ ಪ್ರಶ್ನೆ, ಚದರಡಿಗೆ ಎಷ್ಟು ಎಂಬುದು. ಆ ಒಂದು ದರವನ್ನು ನಂಬಿ ಕೆಲಸ ಆರಂಭಿಸಿದ ಎಷ್ಟೋ ಕುಟುಂಬಗಳು ಅರ್ಧ ದಾರಿಯಲ್ಲಿ ಕೈಸಾಲಕ್ಕೆ ಓಡಾಡುವುದನ್ನು ನಾನು ಕಂಡಿದ್ದೇನೆ. ಅಂಗಡಿಯವರು ಹೇಳುವ ದರ ಒಟ್ಟು ಖರ್ಚಿನ ಒಂದು ಭಾಗ ಮಾತ್ರ. ಉಳಿದ ಭಾಗವನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳುವುದು ಹೇಗೆ ಎಂಬುದೇ ಇಂದಿನ ಮಾತಿನ ವಿಷಯ.

ಲೆಕ್ಕಕ್ಕೆ ಮೊದಲು ಯಾವ ಕಿಟಕಿಯನ್ನು ಬದಲಿಸಬೇಕಾಗಿಲ್ಲ ಎಂಬುದನ್ನು ನಿರ್ಧರಿಸಬೇಕು. ಒಂದು ಸ್ಕ್ರೂಡ್ರೈವರ್ ಹಿಡಿದು ಪ್ರತಿ ಕಿಟಕಿಯ ಬಳಿ ಹೋಗಿ, ಚೌಕಟ್ಟಿನ ಕೆಳಗಿನ ಎರಡು ಮೂಲೆಗಳನ್ನು ಒತ್ತಿ ನೋಡಿ. ಮೊನೆ ಸಲೀಸಾಗಿ ಒಳಗಿಳಿದರೆ, ತಟ್ಟಿದಾಗ ಪೊಳ್ಳು ಸದ್ದು ಬಂದರೆ, ಚೌಕಟ್ಟು ಗೋಡೆಗೆ ತಾಗುವ ಅಂಚಿನಲ್ಲಿ ಮಣ್ಣಿನ ಸಣ್ಣ ಕೊಳವೆಯಂಥ ಗೆರೆ ಕಂಡರೆ, ಗೆದ್ದಲು ಒಳಗೆ ಸೇರಿದೆ ಎಂದು ತಿಳಿಯಿರಿ. ಅಂಥ ಚೌಕಟ್ಟು ಉಳಿಯುವುದಿಲ್ಲ. ಮೊನೆ ಇಳಿಯದೆ ಬರೀ ಬಣ್ಣ ಎದ್ದು, ಕದ ಮಾತ್ರ ಜೋತುಬಿದ್ದಿದ್ದರೆ ಬಡಿಗರನ್ನು ಕರೆಸಿ ಬಿಜಾಗರಿ ಬದಲಿಸಿ, ಅಂಚು ಹತ್ತರಿ ಹೊಡೆಸಿದರೆ ಸಾಕು. ಹಳೆಯ ಸಾಗವಾನಿಯ ಚೌಕಟ್ಟು ಗಟ್ಟಿಯಾಗಿದ್ದರೆ ಅದನ್ನು ಕಿತ್ತು ಹೊಸ ಅಲ್ಯೂಮಿನಿಯಂ ಕೂರಿಸುವುದು ನನ್ನ ದೃಷ್ಟಿಯಲ್ಲಿ ನಷ್ಟದ ವ್ಯವಹಾರ. ಅದೇ ದರ್ಜೆಯ ಮರವನ್ನು ಇಂದು ಸಾಮಿಲ್ಲಿನಲ್ಲಿ ಕೊಳ್ಳಲು ಹೋದವರಿಗೆ ಅದರ ಬೆಲೆ ಗೊತ್ತು. ಕಿತ್ತಲೇಬೇಕಾದರೆ ಗುಜರಿಗೆ ಹಾಕದೆ ಹಳೆಯ ಮರದ ವ್ಯಾಪಾರಿಗಳಿಗೆ ತೋರಿಸಿ, ಬಂದ ಹಣವನ್ನು ಲೆಕ್ಕದಲ್ಲಿ ಜಮೆ ಮಾಡಿಕೊಳ್ಳಿ. ಇಲ್ಲಿ ಒಂದು ಎಚ್ಚರಿಕೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿದರೆ ಏಳುವ ಧೂಳು ಮಕ್ಕಳಿಗೆ ಅಪಾಯಕಾರಿ. ನೀರು ಹಚ್ಚಿ ಉಜ್ಜಿಸಿ, ಆ ಹೊತ್ತು ಮಕ್ಕಳನ್ನು ದೂರವಿಡಿ.

ಬದಲಿಸಲೇಬೇಕಾದ ಕಿಟಕಿಗಳು ಯಾವುವೆಂದು ತಿಳಿದ ಮೇಲೆ ಅಳತೆಯ ಕೆಲಸ. ಹಳೆಯ ಗೋಡೆಯ ಕಿಂಡಿ ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲ ಇರುವುದು ಅಪರೂಪ. ಆದ್ದರಿಂದ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು, ಕಡಿಮೆ ಬಂದದ್ದನ್ನು ಹಿಡಿಯಬೇಕು. ಕೆಲವು ಅಂಗಡಿಗಳಲ್ಲಿ ಅಳತೆಯನ್ನು ಪೂರ್ಣ ಅಡಿಗೆ ಏರಿಸಿ ಬಿಲ್ ಮಾಡುವ ರೂಢಿಯಿದೆ. 3 ಅಡಿ 10 ಅಂಗುಲದ ಚೌಕ ಕಿಟಕಿಯ ನಿಜವಾದ ವಿಸ್ತೀರ್ಣ 14.69 ಚದರಡಿ, ಅದನ್ನು 4 ಅಡಿ ಎಂದು ಬರೆದುಕೊಂಡರೆ 16 ಚದರಡಿಗೆ ಹಣ ಕೊಡುತ್ತೀರಿ. ಅಂಥ ನಾಲ್ಕು ಕಿಟಕಿಗಳಿದ್ದರೆ ಇಲ್ಲದ ಐದು ಚದರಡಿಗೆ ಹಣ ತೆತ್ತಂತಾಯಿತು. ಯಾವ ಅಳತೆಗೆ ಬಿಲ್ ಮಾಡುತ್ತೀರಿ ಎಂದು ಮೊದಲೇ ಕೇಳಿ ಬರೆಸಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಈಗ ಒಂದು ಸಾಧಾರಣ ಮನೆಯ ಲೆಕ್ಕವನ್ನು ಒಟ್ಟಿಗೆ ಹಾಕೋಣ. ಎರಡು ಮಲಗುವ ಕೋಣೆಗಳಿಗೆ 4 ಅಡಿ ಚೌಕದ ಎರಡೆರಡು ಕಿಟಕಿಗಳು, ಪಡಸಾಲೆಗೆ 5 ಅಡಿ ಅಗಲ 4 ಅಡಿ ಎತ್ತರದ್ದೊಂದು, ಅಡುಗೆಮನೆಗೆ 3 ಅಡಿ ಅಗಲ 4 ಅಡಿ ಎತ್ತರದ್ದೊಂದು, ಬಚ್ಚಲಿಗೂ ಶೌಚಾಲಯಕ್ಕೂ 2 ಅಡಿ ಚೌಕದ ಒಂದೊಂದು ಗವಾಕ್ಷಿ. ಎಲ್ಲ ಸೇರಿ 104 ಚದರಡಿ. ಲೆಕ್ಕ ಸುಲಭವಾಗಲೆಂದು ಚದರಡಿಗೆ 500 ರೂಪಾಯಿ ಎಂದು ಹಿಡಿಯುತ್ತೇನೆ. ಇದು ಪೇಟೆಯ ದರವಲ್ಲ, ನಿಮ್ಮ ಊರಿನ ದರವನ್ನು ನೀವು ಅದೇ ಜಾಗದಲ್ಲಿ ಬರೆದುಕೊಳ್ಳಬೇಕು. ಮೊತ್ತ 52,000 ಆಯಿತು. ಅಲ್ಯೂಮಿನಿಯಂ ಮತ್ತು ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿಗಳ ಮೇಲೆ ಶೇಕಡ 18ರಷ್ಟು ಜಿಎಸ್‌ಟಿ ಇರುವುದರಿಂದ 9,360 ಸೇರಿ 61,360. ಕಳ್ಳಕಾಕರ ಭಯಕ್ಕೆ ಕಬ್ಬಿಣದ ಗ್ರಿಲ್ ಬೇಕೇ ಬೇಕು. 12 ಮಿಲಿಮೀಟರಿನ ಚೌಕ ಸರಳು ಮೀಟರಿಗೆ ಸುಮಾರು 1.13 ಕಿಲೋ ತೂಗುತ್ತದೆ. ನಾಲ್ಕಂಗುಲಕ್ಕೊಂದು ಸರಳು ಮತ್ತು ಅಡ್ಡಪಟ್ಟಿ ಸೇರಿ ನಾಲ್ಕಡಿ ಕಿಟಕಿಯ ಗ್ರಿಲ್ ಹತ್ತಿರ ಹತ್ತಿರ 20 ಕಿಲೋ ಆಗುತ್ತದೆ. ಗವಾಕ್ಷಿ ಬಿಟ್ಟು ಆರು ಕಿಟಕಿಗಳಿಗೆ 120 ಕಿಲೋ. ಮತ್ತೆ ಉದಾಹರಣೆಗಾಗಿ ಕಿಲೋಗೆ 100 ಎಂದರೆ 12,000. ಹಳೆಯ ಚೌಕಟ್ಟು ಕಿತ್ತಾಗ ಅದರೊಡನೆ ಒಂದು ಗೇಣು ಗಾರೆಯೂ ಉದುರುತ್ತದೆ. ಗೌಂಡಿ ಬಂದು ಅಂಚು ಕಟ್ಟಬೇಕು, ಕೆಳಗಿನ ಕಡಪ ಕಲ್ಲು ಒಡೆದಿದ್ದರೆ ಹೊಸದು ಕೂರಿಸಬೇಕು, ಒಳಗೂ ಹೊರಗೂ ತೇಪೆ ಕಾಣದಂತೆ ಇಡೀ ಗೋಡೆಗೆ ಬಣ್ಣ ಹೊಡೆಸಬೇಕು, ಒಡೆದ ಮಣ್ಣುಕಲ್ಲು ಸಾಗಿಸಲು ಟ್ರ್ಯಾಕ್ಟರ್ ಹೇಳಬೇಕು. ಇವಕ್ಕೆಲ್ಲ 18,000 ಹಿಡಿಯೋಣ. ಮೊತ್ತ 91,360. ಗೋಡೆ ಬಿಚ್ಚಿದ ಮೇಲೆ ಕಿಟಕಿಯ ಮೇಲಿನ ಭಾರ ಹೊರುವ ಅಡ್ಡತೊಲೆ, ಅಂದರೆ ಲಿಂಟಲ್, ಬಿರುಕು ಬಿಟ್ಟಿರುವುದು ಕಾಣಬಹುದು, ವಿದ್ಯುತ್ ಪೈಪು ಅಡ್ಡ ಬರಬಹುದು. ಇಂಥ ಅನಿರೀಕ್ಷಿತಕ್ಕೆ ನೂರಕ್ಕೆ ಹತ್ತರಂತೆ 9,136 ಎತ್ತಿಡಬೇಕು. ಅಲ್ಲಿಗೆ ಒಂದು ಲಕ್ಷ ದಾಟಿತು. ಅಂಗಡಿಯಲ್ಲಿ ಕೇಳಿದ ಮೊತ್ತ 52,000 ಆಗಿತ್ತು ಎಂಬುದನ್ನು ದಯವಿಟ್ಟು ಗಮನಿಸಬೇಕು.

ಹಳೆಯ ಗ್ರಿಲ್ ತುಕ್ಕು ತಿಂದು ಸಣ್ಣಗಾಗಿರದಿದ್ದರೆ ಅದನ್ನು ಉಳಿಸಿ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹಚ್ಚಿಸುವುದರಿಂದ ಈ ಲೆಕ್ಕದಲ್ಲಿ ದೊಡ್ಡ ಉಳಿತಾಯ ಸಿಗುತ್ತದೆ. ಗ್ರಿಲ್ಲನ್ನು ಗೋಡೆಯಲ್ಲಿ ಹೂತಿದ್ದರೆ ಅದನ್ನು ಮುಟ್ಟದೆಯೇ ಒಳಬದಿಯಲ್ಲಿ ಹೊಸ ಕಿಟಕಿ ಕೂರಿಸಲು ಆಗುತ್ತದೆಯೇ ಎಂದು ಕೇಳಿ.

ಇನ್ನು ಯಾವ ಕಿಟಕಿ ಎಂಬ ಪ್ರಶ್ನೆ. ಇಂದು ನಮ್ಮ ಪೇಟೆಗಳಲ್ಲಿ ಹೆಚ್ಚು ಮಾರಾಟವಾಗುವುದು ಸರಿಯುವ ಗಾಜಿನ ಸ್ಲೈಡಿಂಗ್ ಕಿಟಕಿ. ನೋಡಲು ಅಂದ, ಪರದೆಗೆ ಅಡ್ಡ ಬರುವುದಿಲ್ಲ. ಆದರೆ ಎರಡು ಕದಗಳ ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಕದ ಯಾವಾಗಲೂ ಇನ್ನೊಂದರ ಹಿಂದೆ ನಿಲ್ಲುವುದರಿಂದ ಗಾಳಿಗೆ ದೊರೆಯುವುದು ಅರ್ಧ ಜಾಗ. ಮೊದಲು ರೆಕ್ಕೆ ತೆರೆಯುವ ಮರದ ಕಿಟಕಿಯಿದ್ದ ಕೋಣೆಯಲ್ಲಿ ಹದಿನಾರು ಚದರಡಿ ಗಾಳಿ ಬರುತ್ತಿದ್ದದ್ದು ಎಂಟಕ್ಕೆ ಇಳಿಯುತ್ತದೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆಯು, ಬಿಸಿಯ ಒಣಹವೆಯ ಪ್ರದೇಶದ ವಸತಿ ಕಟ್ಟಡಗಳಲ್ಲಿ ತೆರೆಯಬಲ್ಲ ಕಿಟಕಿಯ ಜಾಗ ನೆಲದ ವಿಸ್ತೀರ್ಣದ ಶೇಕಡ 10ರಷ್ಟಾದರೂ ಇರಬೇಕು ಎನ್ನುತ್ತದೆ. ಹನ್ನೆರಡು ಅಡಿ ಚೌಕದ ಕೋಣೆಗೆ ಅದು 14.4 ಚದರಡಿ, ಒಂದೇ ನಾಲ್ಕಡಿ ಸ್ಲೈಡಿಂಗ್ ಕಿಟಕಿ ಇದ್ದರೆ ಸಾಲದು. ಗಾಳಿ ಸಾಲದೆ ಆಮೇಲೆ ಕೂಲರ್, ಎಸಿ ತಂದರೆ ಪ್ರತಿ ತಿಂಗಳ ವಿದ್ಯುತ್ ಬಿಲ್ಲೂ ಕಿಟಕಿಯ ಖರ್ಚಿಗೇ ಸೇರಬೇಕಾಗುತ್ತದೆ. ಮಲಗುವ ಕೋಣೆಗಳಿಗೆ ರೆಕ್ಕೆ ತೆರೆಯುವ ಕಿಟಕಿಯೇ ಲೇಸು ಎಂಬುದು ನನ್ನ ದೃಢವಾದ ಅಭಿಪ್ರಾಯ. ರಸ್ತೆಗೆ ಚಾಚುವ ಕಡೆ, ಓಡಾಟದ ಹಾದಿಯಲ್ಲಿ ಮಾತ್ರ ಸ್ಲೈಡಿಂಗ್ ಇರಲಿ.

ಸ್ಲೈಡಿಂಗ್ ಕಿಟಕಿಗೆ ನಮ್ಮ ಧೂಳು ಇನ್ನೊಂದು ಶತ್ರು. ಯಾರದಾದರೂ ಮನೆಯಲ್ಲಿ ಎರಡು ವರ್ಷ ಹಳೆಯ ಕಿಟಕಿಯ ಕೆಳಗಿನ ಹಳಿಯ ಮೇಲೆ ಬೆರಳಾಡಿಸಿ ನೋಡಿ: ಕೆಂಪು ಧೂಳು ಎಣ್ಣೆ ಜಿಡ್ಡಿನೊಂದಿಗೆ ಸೇರಿ ಕೆಸರಿನಂತೆ ಗಟ್ಟಿಯಾಗಿರುತ್ತದೆ, ಮಳೆನೀರು ಹೊರಹೋಗಲೆಂದು ಕೊರೆದ ಸಣ್ಣ ತೂತುಗಳು ಮುಚ್ಚಿರುತ್ತವೆ, ಗಾಳಿಮಳೆ ಬಂದಾಗ ಹಳಿಯಲ್ಲಿ ನಿಂತ ನೀರು ಒಳಗೋಡೆಗೆ ಇಳಿಯುತ್ತದೆ. 5 ಮಿಲಿಮೀಟರಿನ ಗಾಜು ಚದರ ಮೀಟರಿಗೆ 12.5 ಕಿಲೋ ತೂಗುತ್ತದೆ. ನಾಲ್ಕಡಿ ಕಿಟಕಿಯ ಪ್ರತಿ ಕದದ ಗಾಜೇ ಒಂಬತ್ತು ಕಿಲೋ. ಆ ಭಾರವನ್ನು ಹೊತ್ತು ಧೂಳಿನಲ್ಲಿ ಉರುಳುವ ಅಗ್ಗದ ಪ್ಲಾಸ್ಟಿಕ್ ಚಕ್ರ ಬೇಗ ಸವೆಯುತ್ತದೆ. ಹಣ ಉಳಿಸುವುದಿದ್ದರೆ ಬಣ್ಣದ ಗಾಜಿನಲ್ಲಿ ಉಳಿಸಿ. ಚಕ್ರ, ಚಿಲಕ, ರಬ್ಬರು, ಸೊಳ್ಳೆಪರದೆಯಲ್ಲಿ ಬೇಡ. ಗಂಗಾವತಿ, ಸಿಂಧನೂರು, ಸಿರುಗುಪ್ಪದಂಥ ನೀರಾವರಿ ಊರುಗಳಲ್ಲಿ ಸೊಳ್ಳೆಪರದೆ ಇಲ್ಲದ ಕಿಟಕಿ ಸಂಜೆಯಾದರೆ ಮುಚ್ಚಿಯೇ ಇರುತ್ತದೆ. ಆ ಜಾಲರಿ ದರದಲ್ಲಿ ಸೇರಿದೆಯೋ, ಬೇರೆಯೋ ಎಂದು ಕೇಳಲು ಮರೆಯಬಾರದು.

ಅಲ್ಯೂಮಿನಿಯಮ್ಮಿನಲ್ಲಿ ಅಂಗಡಿಯಿಂದ ಅಂಗಡಿಗೆ ದರ ಬೇರೆಯಾಗಲು ಮುಖ್ಯ ಕಾರಣ ಪಟ್ಟಿಯ ದಪ್ಪ. ತೆಳು ಪಟ್ಟಿಯ ಕಿಟಕಿ ಅಗ್ಗವಾಗಿ ಬರುತ್ತದೆ, ಗಾಳಿಗೆ ಅಲುಗಾಡುತ್ತದೆ. ದರ ಹೋಲಿಸುವಾಗ ದಪ್ಪ ಎಷ್ಟು ಮಿಲಿಮೀಟರ್ ಎಂದು ದರಪಟ್ಟಿಯಲ್ಲಿ ಬರೆದಿರಲಿ. ಯುಪಿವಿಸಿಗೆ ಗೆದ್ದಲಿನ, ತುಕ್ಕಿನ ಭಯವಿಲ್ಲ, ಬಿಸಿಯನ್ನೂ ಲೋಹದಷ್ಟು ಒಳಗೆ ಬಿಡುವುದಿಲ್ಲ. ಆದರೆ ಬಿಸಿಲಿಗೆ ಅದು ಹೆಚ್ಚು ಹಿಗ್ಗುತ್ತದೆ. ಉಷ್ಣತೆ 30 ಡಿಗ್ರಿ ಏರಿದರೆ ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಮುಕ್ಕಾಲು ಮಿಲಿಮೀಟರಿನಷ್ಟು ಬೆಳೆದರೆ ಯುಪಿವಿಸಿ ಸುಮಾರು ಎರಡು ಮಿಲಿಮೀಟರ್ ಬೆಳೆಯುತ್ತದೆ. ಆದ್ದರಿಂದ ಗೋಡೆಗೂ ಚೌಕಟ್ಟಿಗೂ ನಡುವೆ ಸಂದು ಬಿಟ್ಟು ಸಿಲಿಕೋನ್ ಅಂಟು ತುಂಬಬೇಕು, ಸಿಮೆಂಟಿನಿಂದ ಬಿಗಿಯಬಾರದು. ಯುಪಿವಿಸಿ ಚೌಕಟ್ಟಿನ ಪೊಳ್ಳಿನೊಳಗೆ ಉಕ್ಕಿನ ಪಟ್ಟಿ ಇರಬೇಕು. ಅಂಗಡಿಯಲ್ಲಿ ಕತ್ತರಿಸಿದ ತುಂಡೊಂದನ್ನು ತೋರಿಸಲು ಕೇಳಿ, ಕಣ್ಣಾರೆ ನೋಡಿ.

ಒಂದು ಲಕ್ಷವನ್ನು ಒಮ್ಮೆಗೇ ಹೊಂದಿಸಲಾಗದವರು ದಿಕ್ಕು ನೋಡಿ ಕಂತಿನಲ್ಲಿ ಕೆಲಸ ಮಾಡಿಸಬಹುದು. ನಮ್ಮ ಅಕ್ಷಾಂಶದಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ. ಹಾಗಾಗಿ ಕಡು ಬೇಸಿಗೆಯಲ್ಲಿ ದಕ್ಷಿಣದ ಕಿಟಕಿಗೆ ನೇರ ಬಿಸಿಲಿನ ಹೊಡೆತ ಕಡಿಮೆ. ಪಡುವಣ ಬಿಸಿಲು ಮಾತ್ರ ಓರೆಯಾಗಿ ಬಂದು ಸಜ್ಜೆಯ ಕೆಳಗೇ ನುಸುಳುತ್ತದೆ. ಮರ ಮೊದಲು ಬಿರಿಯುವುದೂ ಅಲ್ಲಿಯೇ. ಈ ವರ್ಷ ಪಡುವಣದ ಎರಡು ಕಿಟಕಿ, ಮುಂದಿನ ವರ್ಷ ಉಳಿದವು ಎಂದು ಇಟ್ಟುಕೊಳ್ಳಿ. ನಾವು ಹಿಡಿದ ದರದಲ್ಲೇ ಎರಡು ನಾಲ್ಕಡಿ ಕಿಟಕಿಗಳಿಗೆ ತೆರಿಗೆ ಸೇರಿ 18,880, ಗ್ರಿಲ್ಲಿಗೆ 4,000, ಗೌಂಡಿ ಮತ್ತು ಬಣ್ಣಕ್ಕೆ 6,000, ಅನಿರೀಕ್ಷಿತಕ್ಕೆ 2,888, ಒಟ್ಟು 31,768. ತಿಂಗಳಿಗೆ 3,000ದಂತೆ ಹನ್ನೊಂದು ತಿಂಗಳು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಜಮೆ ಮಾಡಿದರೆ 33,000 ಆಗುತ್ತದೆ. ಅದೇ ಒಂದು ಲಕ್ಷವನ್ನು ಶೇಕಡ 12ರ ಬಡ್ಡಿಗೆ ಮೂರು ವರ್ಷದ ಸಾಲವಾಗಿ ತಂದರೆ ತಿಂಗಳ ಕಂತು 3,321 ರೂಪಾಯಿ, ಬಡ್ಡಿಯೇ 19,571. ಹತ್ತಿ, ಮೆಣಸಿನಕಾಯಿ, ಭತ್ತದ ಫಸಲಿನ ಮೇಲೆ ಬದುಕುವ ಮನೆಗಳಿಗೆ ತಿಂಗಳ ಕಂತು ಇನ್ನೂ ಕಷ್ಟ. ಅಂಥವರು ಸುಗ್ಗಿಯ ಹಣ ಕೈಸೇರಿದಾಗ ಮುಂಗಡ ಕೊಟ್ಟು, ಯುಗಾದಿಯ ಸುಣ್ಣಬಣ್ಣದ ಜೊತೆಗೇ ಕೆಲಸ ಮುಗಿಸುವುದು ಒಳ್ಳೆಯದು, ಬಣ್ಣದ ಖರ್ಚು ಎರಡು ಸಲ ಬೀಳುವುದಿಲ್ಲ. ಸಾಲ ಮಾಡಲೇಬೇಕಾಗಿ ಬಂದು, ನೀವು ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ವಾಸದ ಮನೆಯ ದುರಸ್ತಿ ಸಾಲದ ಬಡ್ಡಿಗೆ ವರ್ಷಕ್ಕೆ 30,000 ರೂಪಾಯಿವರೆಗೆ ವಿನಾಯಿತಿ ಇದೆ. ಹೊಸ ಕಿಟಕಿಗೆ ಹಣ ಸೇರುವವರೆಗೆ ಪಡುವಣ ಕಿಟಕಿಯ ಹೊರಗೆ ಬಿದಿರಿನ ಚಾಪೆಯನ್ನೋ ಲಾವಂಚದ ತಟ್ಟಿಯನ್ನೋ ಇಳಿಬಿಡಿ. ಬಿಸಿಲನ್ನು ಗಾಜಿನ ಹೊರಗೇ ತಡೆದರೆ ಆಗುವ ತಂಪು, ಒಳಗೆ ಎಷ್ಟು ದಪ್ಪನೆಯ ಪರದೆ ಹಾಕಿದರೂ ಆಗುವುದಿಲ್ಲ.

ಕೊನೆಯದಾಗಿ ಹಣ ಕೊಡುವ ಕ್ರಮ. ಮೂರು ಕಡೆ ಲಿಖಿತ ದರಪಟ್ಟಿ ಪಡೆಯಿರಿ. ಪಟ್ಟಿಯ ದಪ್ಪ, ಗಾಜಿನ ದಪ್ಪ, ಜಾಲರಿ, ಸಾಗಣೆ, ಹಳೆಯದನ್ನು ಕೀಳುವ ಕೂಲಿ, ತೆರಿಗೆ ಇವು ಪ್ರತಿಯೊಂದೂ ಅದರಲ್ಲಿ ಬರಲಿ. ಬಿಲ್ ಬೇಡವೆಂದರೆ ತೆರಿಗೆ ಉಳಿಯುತ್ತದೆ ಎಂಬ ಮಾತಿಗೆ ಒಪ್ಪಬೇಡಿ. ಬಿಲ್ ಇಲ್ಲದಿದ್ದರೆ ಗ್ಯಾರಂಟಿ ಕಾಗದಕ್ಕೆ ಬೆಲೆಯಿಲ್ಲ. ಮುಂಗಡ ಅರ್ಧವನ್ನು ಮೀರದಿರಲಿ, ನೂರಕ್ಕೆ ಹತ್ತು ಭಾಗವನ್ನು ಕೊನೆಯವರೆಗೆ ಕೈಯಲ್ಲಿಟ್ಟುಕೊಳ್ಳಿ. ಕಿಟಕಿ ಕೂರಿಸಿ ಸಿಲಿಕೋನ್ ಒಣಗಿದ ಮೇಲೆ ಹೊರಗಿನಿಂದ ಪೈಪಿನಲ್ಲಿ ಹತ್ತು ನಿಮಿಷ ನೀರು ಹಾಯಿಸಿ, ಒಳಗಿನ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ, ಒಣಗಿದ್ದರೆ ಆ ಹಣ ಕೊಡಿ. ಮಾತಿನಂತೆ ಕೆಲಸವಾಗದೆ ತಕರಾರು ಉಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ನಿಮ್ಮ ಜಿಲ್ಲೆಯ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದಲ್ಲಿ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ದೂರಿನೊಂದಿಗೆ ಕೇಳುವುದು ಬಿಲ್ಲನ್ನು ಮತ್ತು ದರಪಟ್ಟಿಯನ್ನು, ಆದ್ದರಿಂದ ಅವೆರಡನ್ನೂ ಮನೆಯ ಪತ್ರಗಳ ಜೊತೆಯಲ್ಲೇ ಇಟ್ಟುಕೊಳ್ಳಿ. ನಮಸ್ಕಾರ.