ಜ್ವರ ಶುರುವಾಗಿದ್ದು ಯಾವತ್ತು?

ಕೇಳುಗರಿಗೆ ನಮಸ್ಕಾರ.

ಲ್ಯಾಬಿಗೆ ಬರುವ ಪ್ರತಿ ರಕ್ತದ ಟ್ಯೂಬಿನ ಜೊತೆ ಒಂದು ಚೀಟಿ ಇರುತ್ತದೆ. ಹೆಸರು, ವಯಸ್ಸು, ಯಾವ ಪರೀಕ್ಷೆ ಬೇಕು, ಇದನ್ನೆಲ್ಲ ಬರೆದಿರುತ್ತಾರೆ. ‘ಜ್ವರ ಶುರುವಾದ ದಿನ’ ಅಂತಲೂ ಒಂದು ಸಾಲು ಇರುತ್ತದೆ. ಬಹಳ ಸಲ ಅದೊಂದೇ ಖಾಲಿ. ಸೊಳ್ಳೆಯಿಂದ, ಉಣುಗಿನಿಂದ ಬರುವ ವೈರಸ್ ಜ್ವರಗಳ ಪರೀಕ್ಷೆಯಲ್ಲಿ ಆ ತಾರೀಖು ಇಲ್ಲದಿದ್ದರೆ ರಿಪೋರ್ಟನ್ನು ಅರ್ಧ ಕಣ್ಣುಮುಚ್ಚಿಕೊಂಡೇ ಬರೆಯಬೇಕು.

ಯಾಕೆ ಅಂತ ಹೇಳುತ್ತೇನೆ. ಡೆಂಗಿಯನ್ನೇ ನೋಡಿ. ಜ್ವರ ಬಂದ ಮೊದಲ ನಾಲ್ಕೈದು ದಿನ ರಕ್ತದಲ್ಲಿ ವೈರಸ್ ಓಡಾಡುತ್ತಿರುತ್ತದೆ. ಆಗ ವೈರಸ್ಸನ್ನೇ ಹುಡುಕಬೇಕು. ಅದಕ್ಕೆ ಎರಡು ದಾರಿ. ಒಂದು ಪಿಸಿಆರ್. ವೈರಸ್ಸಿನ ಆರ್‌ಎನ್‌ಎಯನ್ನು ಡಿಎನ್‌ಎ ಮಾಡಿಕೊಂಡು, ಅದರ ಒಂದು ತುಣುಕನ್ನು ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು ಅಂತ ಮಷೀನಿಗೆ ಕಾಣುವಷ್ಟು ಬೆಳೆಸುವುದು. ಇನ್ನೊಂದು ಎನ್‌ಎಸ್-1. ವೈರಸ್ ಹೊಕ್ಕ ಜೀವಕೋಶದಿಂದ ರಕ್ತಕ್ಕೆ ಸೋರುವ ಪ್ರೋಟೀನು ಇದು. ಮೊದಲ ದಿನದಿಂದಲೇ ಸಿಗುತ್ತದೆ, ಸುಮಾರು ಒಂದು ವಾರ ಇರುತ್ತದೆ.

ಐದನೇ ದಿನದ ಆಸುಪಾಸಿನಲ್ಲಿ ದೇಹ ಪ್ರತಿಕಾಯ, ಅಂದರೆ ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನು, ತಯಾರಿಸಲು ಶುರುಮಾಡುತ್ತದೆ. ಮೊದಲು ಬರುವುದು ಐಜಿಎಂ. ಅದು ಏರುತ್ತಾ ಹೋದಂತೆ ವೈರಸ್ ಇಳಿಯುತ್ತದೆ. ಆಮೇಲೆ ಪಿಸಿಆರ್ ಮಾಡಿದರೆ ಏನೂ ಸಿಗದೇ ಹೋಗಬಹುದು. ಆಗ ಎಲಿಸಾ ಅನ್ನುವ ಪ್ರತಿಕಾಯದ ಪರೀಕ್ಷೆ ಮಾಡಿ ಐಜಿಎಂ ಇದೆಯಾ ಅಂತ ನೋಡಬೇಕು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಒಂದು ತಪ್ಪು ಮಾಡಿದ್ದೆ. ಚೀಟಿಯಲ್ಲಿ ತಾರೀಖು ಇರಲಿಲ್ಲ, ನಾನು ಕೇಳಲೂ ಇಲ್ಲ. ಐಜಿಎಂ ನೆಗೆಟಿವ್ ಅಂತ ಸಹಿ ಹಾಕಿ ಕಳಿಸಿದೆ. ಮನೆಯವರು ‘ಸದ್ಯ, ಡೆಂಗಿ ಅಲ್ವಂತೆ’ ಅಂತ ನಿರಾಳವಾದರು. ನಾಲ್ಕು ದಿನ ಬಿಟ್ಟು ಅದೇ ಹೆಸರಿನ ಇನ್ನೊಂದು ಟ್ಯೂಬು ಬಂತು. ಈ ಸಲ ಐಜಿಎಂ ಜೋರಾಗಿತ್ತು. ವಿಚಾರಿಸಿದರೆ, ಮೊದಲನೇ ರಕ್ತ ತೆಗೆದಿದ್ದು ಜ್ವರ ಬಂದ ಮಾರನೇ ದಿನ. ಮಷೀನು ಸರಿಯಾಗಿತ್ತು, ಕಿಟ್ಟೂ ಸರಿಯಾಗಿತ್ತು. ದಿನ ತಪ್ಪಿತ್ತು.

ಹಿಂದೆ ಒಮ್ಮೆ ಡೆಂಗಿ ಬಂದು ಹೋದವರ ಲೆಕ್ಕ ಇನ್ನೂ ಬೇರೆ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ ಇದೆ, ಹಾಗಾಗಿ ಮತ್ತೆ ಬರಬಹುದು. ಎರಡನೇ ಸಲ ಬಂದಾಗ ದೇಹ ಹಳೆಯ ನೆನಪಿನಿಂದ ಐಜಿಜಿ ಅನ್ನುವ ಇನ್ನೊಂದು ಬಗೆಯ ಪ್ರತಿಕಾಯವನ್ನು ಬೇಗನೆ, ಜಾಸ್ತಿ ಹೊರಡಿಸುತ್ತದೆ. ಐಜಿಎಂ ಕಡಿಮೆ ಇರುತ್ತದೆ, ಕೆಲವರಲ್ಲಿ ಕಾಣುವುದೇ ಇಲ್ಲ. ಎನ್‌ಎಸ್-1 ಕೂಡ ಬೇಗ ಮರೆಯಾಗುತ್ತದೆ. ಡೆಂಗಿ ತೀವ್ರವಾಗುವ ಭಯ ಜಾಸ್ತಿ ಇರುವುದೂ ಇವರಿಗೇ. ನಮಗೆ ಕಷ್ಟ ಕೊಡುವುದೂ ಇವರ ರಕ್ತವೇ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಪ್ಲೇಟ್‌ಲೆಟ್ ಎಣಿಸುವುದು ಡೆಂಗಿ ಪರೀಕ್ಷೆ ಅಲ್ಲ. ಮಲೇರಿಯಾದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ಇಲಿ ಜ್ವರದಲ್ಲೂ ಇಳಿಯುತ್ತದೆ. ಇನ್ನೊಂದು, ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತೇ ಅಪಾಯದ ಹೊತ್ತು. ಹೊಟ್ಟೆನೋವು ಜೋರಾದರೆ, ವಾಂತಿ ನಿಲ್ಲದಿದ್ದರೆ, ಒಸಡಿನಲ್ಲೋ ಮೂಗಿನಲ್ಲೋ ರಕ್ತ ಕಂಡರೆ, ರಿಪೋರ್ಟ್ ಬರಲಿ ಅಂತ ಕೂರಬೇಡಿ. ನೇರ ಆಸ್ಪತ್ರೆಗೆ ಹೋಗಿ.

ಐಜಿಎಂಗೆ ಮತ್ತೊಂದು ತಾಪತ್ರಯ ಇದೆ. ಡೆಂಗಿ, ಜೀಕಾ, ಜಪಾನಿ ಮೆದುಳು ಜ್ವರ, ವೆಸ್ಟ್ ನೈಲ್, ಹಳದಿ ಜ್ವರ, ಇವೆಲ್ಲವೂ ಫ್ಲೇವಿವೈರಸ್ ಅನ್ನುವ ಒಂದೇ ಮನೆತನ. ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯ ದಾಯಾದಿಗೂ ಹೋಗಿ ಅಂಟಿಕೊಳ್ಳುತ್ತದೆ. ಜೀಕಾ ಬಂದವರ ರಕ್ತ ಡೆಂಗಿ ಕಿಟ್ಟಿನಲ್ಲಿ ಪಾಸಿಟಿವ್ ಆಗಬಹುದು. ಹಿಂದೆ ಹಾಕಿಸಿಕೊಂಡ ಲಸಿಕೆಯೂ ಗೊಂದಲ ಮಾಡಬಹುದು. ಗರ್ಭಿಣಿಯ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಜೀಕಾ ಹೊಟ್ಟೆಯಲ್ಲಿರುವ ಮಗುವಿನ ಮೆದುಳಿಗೇ ಪೆಟ್ಟು ಕೊಡಬಲ್ಲದು. ಅದಕ್ಕೇ ಜೀಕಾ ಅನುಮಾನ ಇದ್ದರೆ ರಕ್ತದ ಜೊತೆ ಮೂತ್ರವನ್ನೂ ಕೇಳುತ್ತೇವೆ. ರಕ್ತಕ್ಕಿಂತ ಮೂತ್ರದಲ್ಲಿ ಆ ವೈರಸ್ಸಿನ ಗುರುತು ಜಾಸ್ತಿ ದಿನ ಸಿಗುತ್ತದೆ.

ಇಷ್ಟಾದರೂ ಬಗೆಹರಿಯದಿದ್ದರೆ ಕೊನೆಗೆ ಪಿಆರ್‌ಎನ್‌ಟಿ ಅನ್ನುವ ಪರೀಕ್ಷೆ. ತಟ್ಟೆಯಲ್ಲಿ ಜೀವಕೋಶಗಳ ಹಾಸು ಬೆಳೆಸುತ್ತಾರೆ. ರೋಗಿಯ ಸೀರಂ ಅನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನು, ಬೇರೆ ಬೇರೆ ಪ್ರಮಾಣದಲ್ಲಿ ತೆಳು ಮಾಡಿ, ಜೀವಂತ ವೈರಸ್ಸಿನ ಜೊತೆ ಕಲಸಿ ಅದರ ಮೇಲೆ ಬಿಡುತ್ತಾರೆ. ಸೀರಂ ವೈರಸ್ಸನ್ನು ತಡೆಯದಿದ್ದರೆ ಹಾಸಿನಲ್ಲಿ ತೂತು ಬೀಳುತ್ತದೆ. ಆ ತೂತುಗಳನ್ನು ಎಣಿಸುತ್ತಾರೆ. ಯಾವ ವೈರಸ್ಸನ್ನು ಸೀರಂ ಹೆಚ್ಚು ಬಲವಾಗಿ ತಡೆಯಿತೋ, ಬಂದಿದ್ದು ಅದೇ ಇರಬೇಕು ಅಂತ ಲೆಕ್ಕ. ದಿನಗಟ್ಟಲೆ ಹಿಡಿಯುವ ಕೆಲಸ. ಜೀವಂತ ವೈರಸ್ ಇಟ್ಟುಕೊಳ್ಳಬಲ್ಲ ಕೆಲವೇ ಲ್ಯಾಬುಗಳಲ್ಲಿ ಮಾತ್ರ ಸಾಧ್ಯ. ಚಿಕುನ್‌ಗುನ್ಯ ಮಾತ್ರ ಬೇರೆ ಮನೆತನದ್ದು. ಡೆಂಗಿಯ ಜೊತೆ ಈ ಕಲಸುಮೇಲೋಗರ ಇಲ್ಲ. ಆದರೆ ಎರಡನ್ನೂ ಹೊರುವುದು ಈಡಿಸ್ ಸೊಳ್ಳೆಯೇ, ಹಾಗಾಗಿ ಒಬ್ಬರಿಗೇ ಎರಡೂ ಒಟ್ಟಿಗೆ ಬರುವುದುಂಟು.

ಮೆದುಳು ಜ್ವರಕ್ಕೆ ಬೆನ್ನಿನಿಂದ ನೀರು ತೆಗೆಯುತ್ತಾರೆ ಅಂದಾಗ ಮನೆಯವರು ಹೆದರುತ್ತಾರೆ. ಸಹಜ. ಆದರೆ ಜಪಾನಿ ಮೆದುಳು ಜ್ವರದ ವೈರಸ್ ರಕ್ತದಲ್ಲಿ ಇರುವುದು ಸ್ವಲ್ಪ ದಿನ, ಅದೂ ಸ್ವಲ್ಪವೇ. ಫಿಟ್ಸ್ ಬಂದು ಆಸ್ಪತ್ರೆ ಸೇರುವ ಹೊತ್ತಿಗೆ ಅದು ರಕ್ತ ಬಿಟ್ಟಾಗಿರುತ್ತದೆ. ರಕ್ತದಲ್ಲಿ ಸಿಕ್ಕ ಐಜಿಎಂ ಇತ್ತೀಚಿನ ಲಸಿಕೆಯದ್ದೂ ಆಗಿರಬಹುದು. ಬೆನ್ನಿನ ನೀರು ಮೆದುಳಿನ ಸುತ್ತ ಇರುವ ನೀರೇ, ಅದರಲ್ಲೇ ಐಜಿಎಂ ಸಿಕ್ಕರೆ ಅನುಮಾನಕ್ಕೆ ಜಾಗ ಕಡಿಮೆ.

ಇನ್ನು ಉಣುಗಿನ ಕಾಯಿಲೆಗಳು. ಮಂಗನ ಕಾಯಿಲೆ ನಿಮಗೆಲ್ಲ ಗೊತ್ತಿರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬಿದ್ದಾಗ ಗುರುತಾದದ್ದು. ಯುರೋಪು, ರಷ್ಯಾ ಕಡೆಯ ಉಣುಗಿನ ಮೆದುಳು ಜ್ವರ ಇದರ ಹತ್ತಿರದ ಸಂಬಂಧಿ. ಇವೆರಡಕ್ಕೂ ಒಂದು ಕೆಟ್ಟ ಅಭ್ಯಾಸ ಇದೆ. ಒಮ್ಮೆ ಜ್ವರ ಬಂದು ಬಿಡುತ್ತದೆ. ಎದ್ದು ಓಡಾಡುವಷ್ಟು ಹುಷಾರಾದ ಮೇಲೆ ಕೆಲವರಿಗೆ ಮತ್ತೆ ಬರುತ್ತದೆ, ಈ ಸಲ ತಲೆನೋವು, ಮಂಪರು, ನಡುಕದ ಜೊತೆ. ಆಗ ‘ಜ್ವರ ಯಾವಾಗಿಂದ?’ ಅಂತ ಕೇಳಿದರೆ ‘ನಿನ್ನೆಯಿಂದ’ ಅಂತಾರೆ! ನಿನ್ನೆ ಅಂದುಕೊಂಡು ಪಿಸಿಆರ್ ಮಾಡಿದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಅಷ್ಟರಲ್ಲಿ ಪ್ರತಿಕಾಯ ಬಂದಿರುತ್ತದೆ, ಹುಡುಕಬೇಕಾದ್ದು ಅದನ್ನು. ನಮಗೆ ಬೇಕಾಗಿದ್ದು ಮೊದಲನೇ ಜ್ವರದ ತಾರೀಖು. ಕಾಡಿಗೆ ಹೋಗಿದ್ದಿರಾ, ಉಣುಗು ಕಚ್ಚಿತ್ತಾ, ಲಸಿಕೆ ಹಾಕಿಸಿದ್ದೀರಾ, ಅದೂ ಚೀಟಿಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಕ್ರಿಮಿಯನ್ ಕಾಂಗೊ ಜ್ವರವೂ ಉಣುಗಿನದ್ದೇ. ಅದರಲ್ಲಿ ರಕ್ತವೇ ಅಪಾಯ. ರೋಗಿಯನ್ನು ನೋಡಿಕೊಂಡ ನರ್ಸು, ಡಾಕ್ಟರುಗಳಿಗೆ ಅಂಟಿದ್ದಿದೆ. ಅಂಥ ಅನುಮಾನ ಇದ್ದರೆ ಮೊದಲು ಲ್ಯಾಬಿಗೆ ಫೋನು ಮಾಡಿ ಹೇಳಬೇಕು, ಟ್ಯೂಬನ್ನು ಮೂರು ಪದರದಲ್ಲಿ ಕಟ್ಟಿ ಕಳಿಸಬೇಕು. ಸುಮ್ನೆ ಬೇರೆ ಸ್ಯಾಂಪಲ್ಲುಗಳ ಜೊತೆ ಸೇರಿಸಿ ಕಳಿಸುವ ಹಾಗಿಲ್ಲ.

ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ರಕ್ತ ಕೊಡಿ ಅಂತ ಕರೆದರೆ, ಲ್ಯಾಬಿನವರು ಮೊದಲನೇದನ್ನು ಕೆಡಿಸಿರಬೇಕು ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಮೊದಲನೇ ಸೀರಂ, ಎರಡನೇ ಸೀರಂ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಪ್ರತಿಕಾಯ ನಾಲ್ಕು ಪಟ್ಟು ಏರಿದ್ದರೆ ಸೋಂಕು ಈಗಿನದ್ದೇ ಅಂತ ಧೈರ್ಯವಾಗಿ ಬರೆಯಬಹುದು. ಆದರೆ ಅಷ್ಟರಲ್ಲಿ ಹುಷಾರಾಗಿರುತ್ತಾರೆ, ಸೂಜಿ ಚುಚ್ಚಿಸಿಕೊಳ್ಳಲು ಯಾರಿಗೆ ತಾನೇ ಮನಸ್ಸಾಗುತ್ತದೆ? ನಮ್ಮ ಫ್ರೀಜರಿನಲ್ಲಿ ಜೋಡಿ ಬಾರದ ಸೀರಂಗಳು ಸಾಲುಸಾಲಾಗಿ ಕೂತಿವೆ. ನಿಮ್ಮನ್ನೂ ಹಾಗೆ ಕರೆದಿದ್ದರೆ, ದಯವಿಟ್ಟು ಒಂದು ಸಲ ಬಂದು ಹೋಗಿ.

ನಮಸ್ಕಾರ.