ಡ್ರೋನು ಹಾಕಿದ ಲಾಗ, ಬರೆದಿಟ್ಟ ಲಾಗ್

ಕೇಳುಗರಿಗೆಲ್ಲ ನಮಸ್ಕಾರ.

ಹೋದ ಜನವರಿಯಲ್ಲಿ ನಮ್ಮ ಡ್ರೋನು ಬಿತ್ತು. ತಿಪಟೂರಿನ ಹತ್ತಿರ ನಮ್ಮೂರಲ್ಲಿ, ರಾಗಿ ಕೊಯ್ದು ಬರೀ ಕೂಳೆ ಉಳಿದಿದ್ದ ಹೊಲದಲ್ಲಿ. ಹಾರಿಸುತ್ತಿದ್ದವನು ನಮ್ಮಣ್ಣನ ಮಗ, ಇಂಜಿನಿಯರಿಂಗ್ ಎರಡನೇ ವರ್ಷದ ಹುಡುಗ. ನಾನು ಬದುವಿನ ಮೇಲೆ ಕೈ ಕಟ್ಟಿಕೊಂಡು ನಿಂತು ಪುಕ್ಕಟೆ ಸಲಹೆ ಕೊಡುತ್ತಿದ್ದೆ. ಡ್ರೋನು ಮೇಲೆ ಹೋಯಿತು, ಒಂದು ಸುತ್ತು ಹಾಕಿತು, ತೆಂಗಿನ ಮರದ ಎತ್ತರದಲ್ಲಿ ಅಲ್ಲಾಡದೆ ನಿಂತಿತು. ನಾಲ್ಕನೇ ನಿಮಿಷಕ್ಕೆ ಇದ್ದಕ್ಕಿದ್ದ ಹಾಗೆ ಬಲಕ್ಕೆ ವಾಲಿತು, ಮೂತಿ ಕೆಳಗೆ ಮಾಡಿತು, ಎರಡು ಲಾಗ ಹಾಕಿ ಧಡ್ ಅಂತ ನೆಲಕ್ಕೆ ಬಂತು.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಮಾತಾಡಿದರು.

ಅಮ್ಮ ಅಂದರು, ದೃಷ್ಟಿಯಾಗಿದೆ, ನಿನ್ನೆಯಿಂದ ಊರೇ ಬಾಯಿ ಬಿಟ್ಕೊಂಡು ನೋಡ್ತಿತ್ತು ಅಂತ. ಪಕ್ಕದ ಹೊಲದ ಯಜಮಾನರು ಗಾಳಿ ಅಂದರು. ಬಿಡಿಭಾಗ ಕೊಟ್ಟ ಅಂಗಡಿಗೆ ಫೋನ್ ಮಾಡಿದರೆ, "ಬ್ಯಾಟರಿ ಇಳಿದಿರುತ್ತೆ ಸಾರ್" ಅಂದರು, ಕಣ್ಣಲ್ಲಿ ಕಂಡ ಹಾಗೆ. ನಾನಂತೂ ಹುಡುಗನ ಮೇಲೇ ಹೋದೆ. "ರಿಮೋಟಿನ ಸ್ಟಿಕ್ ಜೋರಾಗಿ ಎಳೆದಿದ್ದೀಯ ಕಣೋ, ಎಷ್ಟು ಸಲ ಹೇಳೋದು ನಿನಗೆ?"

"ಇಲ್ಲ ಚಿಕ್ಕಪ್ಪ, ನಾನು ಸ್ಟಿಕ್ ಮುಟ್ಟೇ ಇರ್ಲಿಲ್ಲ" ಅಂದ. ಯಾರು ನಂಬುತ್ತಾರೆ?

ಈ ಡ್ರೋನು ಅಂಗಡಿಯಿಂದ ತಂದ ಸಿದ್ಧ ಸಾಮಾನಲ್ಲ. 2022ರ ಫೆಬ್ರವರಿಯಲ್ಲಿ ಸರ್ಕಾರ ವಿದೇಶದ ರೆಡಿ ಡ್ರೋನುಗಳ ಆಮದನ್ನು ನಿಲ್ಲಿಸಿತು. ಬಿಡಿಭಾಗಕ್ಕೆ ಅಡ್ಡಿ ಇಲ್ಲ. ಹಾಗಾಗಿ ನಮ್ಮಂಥವರು ಮೋಟಾರು, ಫ್ರೇಮು, ಮೋಟಾರುಗಳಿಗೆ ಅಪ್ಪಣೆ ಕೊಡುವ ಪುಟ್ಟ ಕಂಪ್ಯೂಟರ್ ಅಂದರೆ ಫ್ಲೈಟ್ ಕಂಟ್ರೋಲರ್, ಎಲ್ಲ ಬೇರೆ ಬೇರೆ ತಂದು ಮನೆಯಲ್ಲೇ ಜೋಡಿಸುತ್ತೇವೆ. ಒಳಗೆ ಓಡುವ ತಂತ್ರಾಂಶ ಆರ್ಡುಪೈಲಟ್. ಉಚಿತ. ಅದಕ್ಕೊಂದು ಒಳ್ಳೆಯ ಅಭ್ಯಾಸ ಇದೆ. ಡ್ರೋನು ಹಾರುವಷ್ಟು ಹೊತ್ತೂ ಸೆಕೆಂಡಿಗೆ ಹತ್ತಾರು ಸಲ ತನ್ನ ಸ್ಥಿತಿಯನ್ನು ಒಂದು ಮೆಮೊರಿ ಕಾರ್ಡಿನಲ್ಲಿ ಬರೆದುಕೊಳ್ಳುತ್ತಾ ಹೋಗುತ್ತದೆ. ಆ ದಾಖಲೆಗೆ ಲಾಗ್ ಅಂತ ಹೆಸರು. ನಮ್ಮದು ಲಾಗ ಹಾಕುವಾಗಲೂ ಲಾಗ್ ಬರೆಯುತ್ತಲೇ ಇತ್ತು.

ವಿಮಾನದ ಬ್ಲ್ಯಾಕ್ ಬಾಕ್ಸ್ ಇದೆಯಲ್ಲ, ಅದರದೇ ಮರಿ ಅನ್ನಿ. ದೊಡ್ಡದರ ಕಥೆಯಲ್ಲಿ ರೇಡಿಯೊಗೂ ಒಂದು ಪಾಲಿದೆ, ಅದಕ್ಕೇ ಹೇಳುತ್ತೇನೆ. ಆಸ್ಟ್ರೇಲಿಯಾದ ಡೇವಿಡ್ ವಾರೆನ್ ಅವರ ತಂದೆ 1934ರಲ್ಲಿ ಒಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಗ ಹುಡುಗನಿಗೆ 9 ವರ್ಷ. ಅಪ್ಪ ಕೊನೆಯದಾಗಿ ಕೊಟ್ಟ ಉಡುಗೊರೆ ಒಂದು ಕ್ರಿಸ್ಟಲ್ ರೇಡಿಯೊ ಸೆಟ್ಟು. ಅದನ್ನು ಬಿಚ್ಚಿ ಜೋಡಿಸುತ್ತಲೇ ಹುಡುಗನಿಗೆ ಎಲೆಕ್ಟ್ರಾನಿಕ್ಸ್ ಹುಚ್ಚು ಹತ್ತಿತು. ಮುಂದೆ ಮೆಲ್ಬರ್ನ್‌ನ ವಿಮಾನ ಸಂಶೋಧನಾಲಯದಲ್ಲಿ ಇಂಧನದ ರಸಾಯನಶಾಸ್ತ್ರಜ್ಞರಾಗಿದ್ದಾಗ, ಕಾಮೆಟ್ ಜೆಟ್ ವಿಮಾನಗಳು ಯಾಕೆ ಬೀಳುತ್ತಿವೆ ಅನ್ನುವ ಚರ್ಚೆಯಲ್ಲಿ ಕೂತಿದ್ದರು. ಎಲ್ಲರೂ ಊಹೆ ಮಾಡುತ್ತಿದ್ದರು. ಒಳಗಿನ ಮಾತು ರೆಕಾರ್ಡ್ ಆಗಿದ್ದಿದ್ದರೆ ಅಂತ ಇವರಿಗೆ ಹೊಳೆಯಿತು. ಪೈಲಟ್‌ಗಳ ಸಂಘದವರು, ನಮ್ಮ ಮೇಲೆ ಕದ್ದು ಕೇಳೋ ಯಂತ್ರವಾ ಅಂತ ಸಿಟ್ಟಾದರು. 1960ರಲ್ಲಿ ಕ್ವೀನ್ಸ್‌ಲ್ಯಾಂಡಿನ ಮಕಾಯ್ ಬಳಿ ಒಂದು ವಿಮಾನ ಸಮುದ್ರಕ್ಕೆ ಬಿದ್ದ ಮೇಲೆ ಆಸ್ಟ್ರೇಲಿಯಾದಲ್ಲೇ ಅದು ಕಡ್ಡಾಯವಾಯಿತು. ಹೆಸರು ಬ್ಲ್ಯಾಕ್ ಬಾಕ್ಸ್ ಆದರೂ ಬಣ್ಣ ಕಿತ್ತಳೆ. ಬಿದ್ದ ಜಾಗದಲ್ಲಿ ಕಣ್ಣಿಗೆ ಬೀಳಲಿ ಅಂತ.

ನಮ್ಮ ಮೆಮೊರಿ ಕಾರ್ಡು ಕಪ್ಪು. ಉಗುರಿನಷ್ಟು. ಮತ್ತೆ ಅದು ತನ್ನ ಜಾಗದಲ್ಲಿ ಇರಲಿಲ್ಲ.

ಅದಕ್ಕೆ ಮೊದಲು ಇನ್ನೊಂದು ಮಾತು. ಬಿದ್ದ ಡ್ರೋನಿನ ಹತ್ತಿರ ಹೋದರೆ ಮೊದಲು ಬಿಚ್ಚಬೇಕಾದ್ದು ಬ್ಯಾಟರಿ. ಇದು ಲಿಥಿಯಂ ಪಾಲಿಮರ್ ಬ್ಯಾಟರಿ. ಪೆಟ್ಟು ತಿಂದರೆ ಊದಿಕೊಳ್ಳುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಬೆಂಕಿ ಹತ್ತಿಕೊಳ್ಳಲೂಬಹುದು. ನಾವು ಅದನ್ನು ಮರಳಿನ ಬಾಂಡ್ಲಿಯಲ್ಲಿಟ್ಟು ಅಂಗಳದಲ್ಲೇ ಬಿಟ್ಟೆವು. ಲಾಗ್ ನೋಡಲು ಆ ಬ್ಯಾಟರಿ ಬೇಕಾಗಿಲ್ಲ.

ಕಾರ್ಡು ಹಾಕುವ ಸಂದಿಗೆ ಒಂದು ಸ್ಪ್ರಿಂಗ್ ಇರುತ್ತದೆ, ಒತ್ತಿದರೆ ಕಾರ್ಡು ಹೊರಗೆ ಚಿಮ್ಮುತ್ತದೆ. ನೆಲಕ್ಕೆ ಬಡಿದಾಗ ಆದದ್ದೂ ಅದೇ. ಊರಿನ ಹುಡುಗರು ನಾಲ್ಕು ಜನ, ಹುಡುಕಿದವರಿಗೆ 100 ರೂಪಾಯಿ ಅಂದೆ. ಕೂಳೆಯ ಸಾಲು ಸಾಲಿನಲ್ಲಿ ಮಂಡಿಯೂರಿಕೊಂಡು ಹೋದರು. ಒಬ್ಬ ಶರಟಿನ ಗುಂಡಿ ತಂದ, ಇನ್ನೊಬ್ಬ ಒಣಗಿದ ಜೀರುಂಡೆ ತಂದ. ಮುಕ್ಕಾಲು ಗಂಟೆಯಾದ ಮೇಲೆ ಕಾರ್ಡು ಸಿಕ್ಕಿತು, ಎರಡು ಮಾರು ದೂರದಲ್ಲಿ, ಹೆಂಟೆಯ ಸಂದಿಯಲ್ಲಿ. ಸಿಕ್ಕಿದ್ದು ಏಳು ವರ್ಷದ ಹುಡುಗಿಗೆ. ಪಂದ್ಯಕ್ಕೆ ಅವಳನ್ನು ಯಾರೂ ಕರೆದೇ ಇರಲಿಲ್ಲ.

ಲ್ಯಾಪ್‌ಟಾಪಿಗೆ ಹಾಕಿದೆವು. ಅದು ಕೇಳಿತು: ಈ ಕಾರ್ಡು ಓದಲು ಬರುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ?

ಇಲ್ಲಿ ತುಂಬಾ ಜನ ಸುಮ್ನೆ ಹೂಂ ಅಂದುಬಿಡುತ್ತಾರೆ. ಅಲ್ಲಿಗೆ ಕಥೆ ಮುಗಿದ ಹಾಗೇ. ನನ್ನ ಬೆರಳೂ ಅಲ್ಲಿಗೇ ಹೋಗಿತ್ತು, ಹುಡುಗ ಕೈ ಹಿಡಿದ. ಆಗಿದ್ದೇನು ಅಂದರೆ, ಬರೆಯುತ್ತಿದ್ದಾಗಲೇ ಕಾರ್ಡು ಕಿತ್ತುಬಂದಿದೆ. ನಮ್ಮ ತಿಪಟೂರಿನ ಕೊಬ್ಬರಿ ಮಂಡಿಯ ಲೆಕ್ಕದಲ್ಲಿ ಹೇಳುವುದಾದರೆ, ಮೂಟೆಗಳು ಗೋಡೌನಿನಲ್ಲೇ ಇವೆ, ಗುಮಾಸ್ತರ ಪುಸ್ತಕ ಮಾತ್ರ ಹರಿದಿದೆ. ಯಾವ ಮೂಟೆ ಎಲ್ಲಿ ಅಂತ ಗೊತ್ತಾಗುತ್ತಿಲ್ಲ, ಅಷ್ಟೆ. ಫಾರ್ಮ್ಯಾಟ್ ಮಾಡಿದರೆ ಹೊಸ ಪುಸ್ತಕ ಬರುತ್ತದೆ, ಗೋಡೌನು ಖಾಲಿ ಅಂತ ಅದರಲ್ಲಿ ಬರೆದಿರುತ್ತದೆ.

ಅವನು ಮಾಡಿದ್ದು ಇಷ್ಟು. ಕಾರ್ಡಿಗೆ ಏನೂ ಬರೆಯದೆ, ಅದರಲ್ಲಿದ್ದದ್ದನ್ನು ಮೊದಲಿಂದ ಕೊನೆಯವರೆಗೆ ಇದ್ದ ಹಾಗೇ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡ. ಕಾರ್ಡನ್ನು ತೆಗೆದು ಬೆಂಕಿಪೊಟ್ಟಣದಲ್ಲಿಟ್ಟ. ಮುಂದಿನ ಕಸರತ್ತೆಲ್ಲ ನಕಲಿನ ಮೇಲೆ. ಇದಕ್ಕೆ ಟೆಸ್ಟ್‌ಡಿಸ್ಕ್, ಫೋಟೋರೆಕ್ ಅಂತ ಉಚಿತ ತಂತ್ರಾಂಶಗಳಿವೆ. ಇವನು ಇನ್ನೊಂದು ದಾರಿ ಹಿಡಿದ. ಆರ್ಡುಪೈಲಟ್ ಬರೆಯುವ ಪ್ರತಿ ದಾಖಲೆಯ ತಲೆಯಲ್ಲೂ ಒಂದೇ ಗುರುತು ಇರುತ್ತದೆ, ಕಂಪ್ಯೂಟರಿನ ಲಿಪಿಯಲ್ಲಿ ಎ3 ಮತ್ತು 95. ಮೂಟೆಯ ಮೇಲೆ ಮಂಡಿಯವರು ಹಾಕುವ ಮುದ್ರೆ ಇದ್ದ ಹಾಗೆ. ಆ ಮುದ್ರೆ ಇರುವುದನ್ನೆಲ್ಲ ಹೆಕ್ಕಿ ಸಾಲಾಗಿ ಜೋಡಿಸುವ ಪುಟ್ಟ ಪ್ರೋಗ್ರಾಂ ಬರೆದ. ಬೆಳಗಿನ ಜಾವ 2 ಗಂಟೆಗೆ ಬಾಗಿಲು ತಟ್ಟಿ, "ಬಂತು ಚಿಕ್ಕಪ್ಪ" ಅಂದ.

ಅವನು ಮೊದಲು ತೆರೆದ ಗ್ರಾಫ್ ಯಾವುದು ಹೇಳಿ ನೋಡೋಣ. ತನ್ನ ಸ್ಟಿಕ್ಕಿನದು. ನಾಲ್ಕು ಗೆರೆ, ಮಗ್ಗದ ದಾರದ ಹಾಗೆ ನೆಟ್ಟಗೆ. ಡ್ರೋನು ವಾಲಿದ ಕ್ಷಣಕ್ಕೂ, ಅದಕ್ಕೆ 10 ಸೆಕೆಂಡ್ ಮುಂಚೆಯೂ ಅವನು ಸ್ಟಿಕ್ ಅಲ್ಲಾಡಿಸಿಯೇ ಇಲ್ಲ. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ಸುಮ್ಮನೆ ಕೂತ.

ಉಳಿದವರ ವಾದವೂ ಒಂದೊಂದಾಗಿ ಬಿತ್ತು. ಬ್ಯಾಟರಿಯ ವೋಲ್ಟೇಜ್ 11ರ ಮೇಲೇ ಇತ್ತು. ಜಾಗ ಗುರುತಿಸುವ ಜಿಪಿಎಸ್‌ಗೆ 14 ಉಪಗ್ರಹಗಳು ಸಿಕ್ಕಿದ್ದವು. ನಡುಕ ಇತ್ತು, ಆದರೆ ಮಿತಿಯೊಳಗೆ. ಗಾಳಿಯ ಮಾತಿಗೆ ಉತ್ತರ ಸಿಗುವುದು ಲಾಗ್‌ನ ಅತಿ ಚೆಂದದ ಜಾಗದಲ್ಲಿ. ಡ್ರೋನು ಎಷ್ಟು ವಾಲಿತು ಅನ್ನುವುದನ್ನು ಮಾತ್ರ ಅಲ್ಲ, ಎಷ್ಟು ವಾಲಬೇಕು ಅಂತ ಕಂಟ್ರೋಲರ್ ಬಯಸಿತ್ತು ಅನ್ನುವುದನ್ನೂ ಅದು ಪಕ್ಕಪಕ್ಕದಲ್ಲೇ ಬರೆದಿರುತ್ತದೆ. ಗಾಳಿ ಬೀಸಿದರೆ ಎರಡೂ ಗೆರೆ ಜೊತೆಜೊತೆಗೇ ಅಲುಗಾಡುತ್ತವೆ, ಜೋಡಿ ಎತ್ತಿನ ಹಾಗೆ. ನಮ್ಮದರಲ್ಲಿ ನಾಲ್ಕು ನಿಮಿಷ ಹಾಗೇ ಹೋಗಿವೆ. ಆಮೇಲೆ ಬಯಸಿದ ಗೆರೆ ಸೊನ್ನೆಯಲ್ಲೇ ಉಳಿದಿದೆ, ನಿಜವಾದ ಗೆರೆ ಒಂದೇ ಸೆಕೆಂಡಿನೊಳಗೆ ಬಲಕ್ಕೆ 60 ಡಿಗ್ರಿ ಬಿದ್ದಿದೆ.

ಮೋಟಾರುಗಳಿಗೆ ಹೋದ ಅಪ್ಪಣೆಯನ್ನು ನೋಡಿದೆವು. 1000 ಅಂದರೆ ನಿಲ್ಲು, 2000 ಅಂದರೆ ಪೂರ್ತಿ ಜೋರು. ಮುಂದಿನ ಬಲಗಡೆಯದು 1ನೇ ಮೋಟಾರು. ಅದಕ್ಕೆ ಹೋಗುತ್ತಿದ್ದ ಅಂಕಿ ಇದ್ದಕ್ಕಿದ್ದಂತೆ 1950ಕ್ಕೆ ಏರಿದೆ. ಮೂಲೆಗೆ ಮೂಲೆ ಎದುರಿರುವ 2ನೆಯದು ಅಷ್ಟೇ ಬೇಗ ಕೆಳಗಿಳಿದಿದೆ. ಅಂದರೆ ಬಲ ಮುಂಭಾಗ ಕುಸಿಯುತ್ತಿದೆ ಅಂತ ಕಂಟ್ರೋಲರಿಗೆ ಗೊತ್ತಾಗಿದೆ. ತಿರುಗು, ಇನ್ನೂ ಜೋರಾಗಿ ತಿರುಗು ಅಂತ 1ನೇ ಮೋಟಾರಿಗೆ ಕೂಗಿದೆ. ಮೋಟಾರು ಕೇಳಿಲ್ಲ.

ಯಾಕೆ ಕೇಳಿಲ್ಲ ಅನ್ನುವುದು ಲಾಗ್‌ನಲ್ಲಿ ಇರುವುದಿಲ್ಲ. ಅಲ್ಲಿಂದ ಮುಂದೆ ಸ್ಕ್ರೂಡ್ರೈವರ್ ಹಿಡಿಯಬೇಕು. ಬೆಳಗ್ಗೆ ಕಾಫಿ ಆದ ಮೇಲೆ ಆ ಮೋಟಾರಿನ ಮೂರು ತಂತಿಗಳ ಮೇಲಿನ ರಬ್ಬರ್ ಕೊಳವೆ ಕೊಯ್ದೆವು. ಎರಡು ಗಟ್ಟಿ. ಮೂರನೆಯದು ಮುಟ್ಟಿದರೆ ಸಾಕು, ಬಿಟ್ಟುಕೊಂಡು ಬಂತು. ತುದಿಯಲ್ಲಿ ಸೀಸದ ಗುಂಡು, ಹೊಳಪಿಲ್ಲದೆ, ಬೂದಿ ಬಣ್ಣದಲ್ಲಿ. ರಿಪೇರಿಯವರು ಇದಕ್ಕೆ ಡ್ರೈ ಸೋಲ್ಡರ್ ಅನ್ನುತ್ತಾರೆ. ಬೆಸುಗೆ ಕೂತ ಹಾಗೆ ಕಾಣುತ್ತದೆ, ಕೂತಿರುವುದಿಲ್ಲ. ನಾಲ್ಕು ನಿಮಿಷದ ನಡುಕಕ್ಕೆ ಅಷ್ಟು ಸಾಕು.

ಆ ಮೂರು ತಂತಿಗೆ ಬೆಸುಗೆ ಹಾಕಿದವನು ನಾನು. ಭಾನುವಾರ ರಾತ್ರಿ, ಊರಲ್ಲಿ ವೋಲ್ಟೇಜ್ ಇಳಿದಿದ್ದಾಗ. ಸೋಲ್ಡರಿಂಗ್ ಐರನ್‌ಗೆ ಸರಿಯಾಗಿ ಕಾವೇ ಬಂದಿರಲಿಲ್ಲ. ಊಟಕ್ಕೆ ಬೇರೆ ಕರೀತಾ ಇದ್ದರು, ಬೇಗ ಬೇಗ ಮುಗಿಸಿದ್ದೆ. ಬೇಡ ಚಿಕ್ಕಪ್ಪ, ಬೆಳಗ್ಗೆ ಹಾಕೋಣ ಅಂತ ಹುಡುಗ ಹೇಳಿದ್ದು ಈಗ ನೆನಪಾಯಿತು. ತಪ್ಪಾಯ್ತು ಕಣೋ ಅಂದೆ. "ಪರವಾಗಿಲ್ಲ ಬಿಡಿ" ಅಂದ. ಆ ಗ್ರಾಫನ್ನು ಮಾತ್ರ ತನ್ನ ಫೋನಿನ ವಾಲ್‌ಪೇಪರ್ ಮಾಡಿಕೊಂಡಿದ್ದಾನೆ.

ಡ್ರೋನು ಮಾರ್ಚಿನಲ್ಲಿ ಮತ್ತೆ ಹಾರಿತು. ಈಗ ಕಾರ್ಡಿನ ಸಂದಿಗೆ ಒಂದು ತುಂಡು ಟೇಪು ಅಂಟಿಸಿದ್ದೇವೆ. ನಾನು ಹಾಕಿದ ಪ್ರತಿ ಬೆಸುಗೆಯನ್ನೂ ಅವನು ಒಂದು ಸಲ ಎಳೆದು ನೋಡುತ್ತಾನೆ, ನನ್ನ ಕಣ್ಣೆದುರಿಗೇ. ಅಮ್ಮ ಮಾತ್ರ ಗ್ರಾಫಿಗೆಲ್ಲ ಸೊಪ್ಪು ಹಾಕಲಿಲ್ಲ, ಒಂದು ಕರಿ ದಾರ ತಂದರು. ರೆಕ್ಕೆಗೆ ಸಿಕ್ಕದ ಹಾಗೆ ಹಿಂದಿನ ಕಾಲಿಗೆ ಕಟ್ಟಿ ಅಜ್ಜಿ ಅಂತ ಜಾಗ ತೋರಿಸಿದವನು ಹುಡುಗನೇ.

ನಮಸ್ಕಾರ.