ತೊಡೆಸಂದಿ ನೋವು, ಗಂಡ-ಹೆಂಡತಿ ಮತ್ತು ಡಾಕ್ಟರು

(ಗಂಗಾವತಿಯಲ್ಲಿ ಅಕ್ಕಿ ಗಿರಣಿ ಮತ್ತು ಹಮಾಲಿ ಕೆಲಸಗಾರರ ಕುಟುಂಬಗಳಿಗೆ ನೀಡಿದ ಆರೋಗ್ಯ ಉಪನ್ಯಾಸ)

ಅಣ್ಣಂದಿರಿಗೆ, ಅಕ್ಕಂದಿರಿಗೆ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ. ವಿಷಯ ಕೇಳಿ ಕೆಲವರಿಗೆ ನಗು ಬರುತ್ತಿದೆ. ನಗಿ, ಪರವಾಗಿಲ್ಲ.

ಗಂಡ-ಹೆಂಡತಿ ಕೂಡಿದ ಮೇಲೆ ತೊಡೆಸಂದಿಯಲ್ಲಿ ನೋವು ಬಂತು ಅಂದರೆ ಗಂಡಸರಿಗೆ ಮೊದಲು ಬರುವ ಯೋಚನೆ, ಧಾತು ಹೋಗಿ ಶಕ್ತಿ ಕುಂದಿತು ಅಂತ. ಇಲ್ಲವೇ ಏನೋ ಕೆಟ್ಟ ರೋಗ ಅಂಟಿತು ಅಂತ. ಆಮೇಲೆ ಬಸ್ ಸ್ಟ್ಯಾಂಡ್ ಗೋಡೆ ಮೇಲಿನ ಗುಪ್ತರೋಗದ ಪೋಸ್ಟರಿನ ನಂಬರಿಗೆ ಫೋನು. ವೀರ್ಯ ಹೋದರೆ ಶಕ್ತಿ ಹೋಗುವುದಿಲ್ಲ. ದೇಹ ಅದನ್ನು ದಿನಾ ತಯಾರಿಸುತ್ತದೆ. ಆದರೆ ನೋವು ಸುಳ್ಳಲ್ಲ. ಬಹಳ ಸಲ ತೊಂದರೆ ಮೊದಲೇ ಒಳಗೆ ಇರುತ್ತದೆ. ಕೂಡುವಾಗ ಹೊಟ್ಟೆ ಬಿಗಿಯಾಗುತ್ತದೆ, ಸೊಂಟ-ತೊಡೆಗೆ ಕೆಲಸ ಬೀಳುತ್ತದೆ, ಆಗ ಅದು ಗೊತ್ತಾಗುತ್ತದೆ.

ನಿಮ್ಮ ಕೆಲಸದಿಂದಲೇ ಶುರು ಮಾಡೋಣ. ಸುಗ್ಗಿಯಲ್ಲಿ 75 ಕೆಜಿ ಭತ್ತದ ಚೀಲ ಬೆನ್ನಿಗೆ ಹಾಕಿಕೊಂಡು ದಿನವಿಡೀ ಲಾರಿ ತುಂಬುತ್ತೀರಿ. ಹೊಟ್ಟೆಯ ಗೋಡೆಯಲ್ಲಿ ತೊಡೆಸಂದಿಯ ಹತ್ತಿರ ಹುಟ್ಟಿನಿಂದಲೇ ಸ್ವಲ್ಪ ಸಡಿಲವಾದ ಜಾಗ ಇರುತ್ತದೆ, ಗಂಡಸರಲ್ಲಿ ಜಾಸ್ತಿ. ಅಲ್ಲಿಂದ ಕರುಳು ಹೊರಗೆ ತಳ್ಳಿಕೊಂಡು ಬಂದರೆ ಅದು ಹರ್ನಿಯಾ. ಹಿರಿಯರು ಅಂಡವಾಯು ಅಂತಾರೆ. ನಿಂತಾಗ, ಕೆಮ್ಮಿದಾಗ ಉಬ್ಬು ಕಾಣುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಭಾರ ಎತ್ತಿದ ಸಂಜೆ, ಕೂಡಿದ ರಾತ್ರಿ ಎಳೆದ ಹಾಗೆ ನೋಯುತ್ತದೆ. ಇದಕ್ಕೆ ಬೆಲ್ಟು, ಲೇಪ, ಮಾತ್ರೆ ಯಾವುದೂ ವಾಸಿ ಮಾಡಲ್ಲ. ವಾಸಿಯಾಗಬೇಕು ಅಂದರೆ ಆಪರೇಷನ್ನೇ. ಆಪರೇಷನ್ ಆದರೆ ಗಂಡಸುತನ ಹೋಗುತ್ತದೆ ಅನ್ನುವ ಮಾತು ಇಲ್ಲಿ ಬಹಳ ಓಡಾಡುತ್ತದೆ. ಹಾಗೇನೂ ಇಲ್ಲ, ಕೆಲವು ವಾರ ಸುಧಾರಿಸಿಕೊಂಡರೆ ಸಂಸಾರ ಮೊದಲಿನ ಹಾಗೆಯೇ ನಡೆಯುತ್ತದೆ. ಆದರೆ ಉಬ್ಬು ಒಳಗೆ ಹೋಗದೆ ಗಟ್ಟಿಯಾಗಿ, ಜೋರು ನೋವು, ವಾಂತಿ ಶುರುವಾದರೆ ಬೆಳಗಾಗಲಿ ಅಂತ ಕಾಯಬೇಡಿ. ಕರುಳಿಗೆ ರಕ್ತ ನಿಂತಿರಬಹುದು. 108ಕ್ಕೆ ಫೋನ್ ಮಾಡಿ.

ಸುಮ್ನೆ ಸ್ನಾಯು ಎಳೆದಿರುವುದೂ ಉಂಟು. ಮೊಣಕಾಲುಗಳ ನಡುವೆ ದಿಂಬು ಇಟ್ಟು ಒತ್ತಿದರೆ ತೊಡೆಯ ಒಳಬದಿ ನೋಯುತ್ತದೆ. ಕೆಲವು ದಿನ ಭಾರ ಬಿಟ್ಟರೆ ಇಳಿಯುತ್ತದೆ. ಎರಡು ವಾರ ಕಳೆದರೂ ಇಳಿಯದಿದ್ದರೆ ತೋರಿಸಿ. ಚಕ್ಕಂಬಕ್ಕಳ ಹಾಕಿ ಕೂರಲು ಆಗದೆ, ಕಾಲು ಅಗಲಿಸಿದಾಗ ತೊಡೆಸಂದಿಯಲ್ಲೇ ಚುಚ್ಚಿದರೆ ಸೊಂಟದ ಕೀಲನ್ನು ಪರೀಕ್ಷೆ ಮಾಡಬೇಕು. ಕುಡಿತ ಜಾಸ್ತಿ ಇದ್ದವರಲ್ಲಿ, ಸ್ಟೀರಾಯ್ಡ್ ಹೆಚ್ಚು ತೆಗೆದುಕೊಂಡವರಲ್ಲಿ ಈ ಕೀಲಿನೊಳಗೆ ಕೂರುವ ತೊಡೆಮೂಳೆಯ ತಲೆಗೆ ರಕ್ತ ಹೋಗದೆ ಅದು ಕುಸಿಯಬಹುದು. ಆರ್‌ಎಂಪಿ ಡಾಕ್ಟರ ಹತ್ತಿರ ಮೈಕೈ ನೋವಿಗೆ ಚುಚ್ಚಿಸಿಕೊಳ್ಳುವವರು ಸೂಜಿಯಲ್ಲಿ ಸ್ಟೀರಾಯ್ಡ್ ಇದೆಯಾ ಅಂತ ಒಮ್ಮೆ ಕೇಳಿ ನೋಡಿ.

ನಮ್ಮ ಕೊಪ್ಪಳ, ರಾಯಚೂರಿನ ಬೇಸಿಗೆ ನಿಮಗೆ ಗೊತ್ತೇ ಇದೆ. ಬೆವರು ಹರಿಯುತ್ತದೆ, ನೀರು ಸಾಕಷ್ಟು ಕುಡಿಯಲ್ಲ. ಕಿಡ್ನಿ ಕಲ್ಲು ಹೀಗೇ ಬೆಳೆಯುತ್ತದೆ. ಕಲ್ಲು ಕೆಳಗೆ ಇಳಿಯುವಾಗ ಪಕ್ಕೆಯಿಂದ ತೊಡೆಸಂದಿಗೆ, ಬೀಜಕ್ಕೆ (ವೃಷಣಕ್ಕೆ) ನೋವು ಹರಿದು ಬರುತ್ತದೆ. ಬಂದು ಹೋಗುತ್ತದೆ, ಮತ್ತೆ ಬರುತ್ತದೆ. ಮೂತ್ರ ಕೆಂಪಾದರೆ ಅನುಮಾನ ಇನ್ನೂ ಗಟ್ಟಿ.

ಬೀಜದ ನೋವಿಗೆ ಗಡಿಯಾರ ನೋಡಬೇಕು. ಒಂದು ಬೀಜದಲ್ಲಿ ಇದ್ದಕ್ಕಿದ್ದಂತೆ ತಡೆಯಲಾಗದ ನೋವು, ವಾಂತಿ, ಬೀಜ ಮೇಲಕ್ಕೆ ಎಳೆದ ಹಾಗೆ ಇದ್ದರೆ ಅದು ತಿರುಚಿಕೊಂಡಿರಬಹುದು. ನೋವು ಶುರುವಾಗಿ 6 ಗಂಟೆಯೊಳಗೆ ಆಸ್ಪತ್ರೆಯಲ್ಲಿ ಬಿಡಿಸಿದರೆ ಬೀಜ ಉಳಿಯುವ ಸಾಧ್ಯತೆ ಹೆಚ್ಚು. ತಡವಾದಷ್ಟೂ ಕಷ್ಟ. ಹೆಚ್ಚಾಗಿ ಹದಿಹರೆಯದ ಹುಡುಗರಿಗೆ ಬರುತ್ತದೆ. ಅವರು ನಾಚಿಕೊಂಡು ಹೊಟ್ಟೆನೋವು ಅಂತಾರೆ. ತಾಯಂದಿರೇ, ಹುಡುಗ ಬಾಗಿ ನಡೆಯುತ್ತಿದ್ದರೆ ಅವನ ಅಪ್ಪನ ಕೈಲಿ ಕೇಳಿಸಿ. ಅದೇ ನೋವು ಒಂದೆರಡು ದಿನದಲ್ಲಿ ನಿಧಾನಕ್ಕೆ ಏರಿ, ಜ್ವರ, ಉರಿಮೂತ್ರ, ಕೀವು ಇದ್ದರೆ ಸೋಂಕು ಇರಬಹುದು. ಸಂಗದಿಂದ ಅಂಟಿದ ಸೋಂಕಾದರೆ ಔಷಧಿ ಇಬ್ಬರಿಗೂ ಬೇಕು. ಗಂಡ ಮಾತ್ರ ನುಂಗಿದರೆ ಹೆಂಡತಿಯಿಂದ ಮತ್ತೆ ಅದೇ ಬರಬಹುದು. ಇಬ್ಬರ ಔಷಧಿ ಕೋರ್ಸೂ ಮುಗಿದು, ಡಾಕ್ಟರು ಸರಿ ಅನ್ನುವವರೆಗೆ ಕೂಡಬಾರದು.

ಅಕ್ಕಂದಿರೇ, ನಿಮ್ಮ ಮಾತು ಕೊನೆಗೆ ಬಂತು. ಮನೆಯಲ್ಲೂ ಹಾಗೇ ಅಲ್ವಾ? ಕೂಡುವಾಗ ಕಿಬ್ಬೊಟ್ಟೆ ನೋವು ಹೆಂಗಸರಿಗೆ ಇದ್ದದ್ದೇ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ವಾಸನೆಯ ಬಿಳಿಸೆರಗು, ಜ್ವರ, ಕಿಬ್ಬೊಟ್ಟೆ ನೋವು ಸೇರಿದರೆ ಗರ್ಭಕೋಶ, ಅದರ ಪಕ್ಕದ ನಾಳಗಳಿಗೆ ಸೋಂಕು ಏರಿರಬಹುದು. ಬಿಟ್ಟರೆ ಮುಂದೆ ಮಕ್ಕಳಾಗುವುದಕ್ಕೆ ತೊಂದರೆ. ಅಂಡಾಶಯದ ನೀರಿನ ಗುಳ್ಳೆ ಕೂಡಿದ ಹೊತ್ತಿನಲ್ಲೇ ಒಡೆಯುವುದೂ ಉಂಟು. ಮುಟ್ಟು ತಪ್ಪಿ, ಒಂದು ಬದಿ ಜೋರು ನೋವು, ತಲೆಸುತ್ತು ಬಂದರೆ ನಾಳದಲ್ಲಿ ಗರ್ಭ ನಿಂತು ಒಳಗೆ ರಕ್ತ ಹೋಗುತ್ತಿರಬಹುದು. ಆಗಲೂ 108. ವಯಸ್ಸಾಗಿ ಮುಟ್ಟು ನಿಂತ ಮೇಲೆ ಕೂಡುವಾಗ ಬರುವ ನೋವಿಗೆ ಎಷ್ಟೋ ಸಲ ಯೋನಿ ಒಣಗುವುದು ಕಾರಣ. ಅದಕ್ಕೆ ಮುಲಾಮು ಇದೆ. ಆದರೆ ಕೂಡಿದ ಮೇಲೆ ರಕ್ತ ಕಂಡರೆ ಯಾವ ವಯಸ್ಸಾದರೂ ಗರ್ಭಕೋಶದ ಬಾಯಿ ಪರೀಕ್ಷೆ ಮಾಡಿಸಬೇಕು.

ಡಾಕ್ಟರ ಮುಂದೆ ಕೂತಾಗ 'ಸೊಂಟ ನೋವು' ಅಂತ ಸುತ್ತಿ ಬಳಸಬೇಡಿ. ಎಲ್ಲಿ, ಯಾವಾಗ ಶುರುವಾಯಿತು, ಕೂಡಿದ ಮೇಲೆ ಎಷ್ಟು ಹೊತ್ತು ಇರುತ್ತದೆ, ಇಷ್ಟು ಹೇಳಿ. ಬೇರೆಯವರ ಜೊತೆ ಸಂಬಂಧ ಇದ್ದರೆ ಅದನ್ನೂ ಹೇಳಿ, ಡಾಕ್ಟರು ಪಂಚಾಯ್ತಿ ಮಾಡಲು ಕೂತಿಲ್ಲ. ಸೋಂಕಿನ ಅನುಮಾನ ಇದ್ದರೆ ಸರ್ಕಾರಿ ಜಿಲ್ಲಾಸ್ಪತ್ರೆಯಲ್ಲಿ ಸುರಕ್ಷಾ ಕ್ಲಿನಿಕ್ ಎಲ್ಲಿದೆ ಅಂತ ಕೇಳಿ. ಅಲ್ಲಿ ಔಷಧಿ ಉಚಿತ, ಮಾತು ಹೊರಗೆ ಹೋಗುವುದಿಲ್ಲ. ಮೊದಲು ಫೋನಿನಲ್ಲೇ ವಿಚಾರಿಸಬೇಕು ಅನ್ನಿಸಿದರೆ ಸರ್ಕಾರದ ಏಡ್ಸ್ ಸಹಾಯವಾಣಿ 1097ಕ್ಕೆ ಮಾಡಿ, ಹಣ ಹಿಡಿಯುವುದಿಲ್ಲ. ಈಗ ಪ್ರಶ್ನೆ ಇದ್ದರೆ ಕೇಳಿ. ಬಾಯಿಬಿಟ್ಟು ಕೇಳಲು ಆಗದವರು ಚೀಟಿ ಬರೆದು ಕೊಡಿ, ಹೆಸರು ಬೇಡ.